ನೀಲಗಿರಿಯ ಸೇಬಿನ ಮರಗಳು

ನೀಲಗಿರಿಗೆ ಹೋಗಿ ಬಂದವರ ಚೀಲಗಳನ್ನು ಬಿಚ್ಚಿದರೆ ನೀಲಗಿರಿ ಎಣ್ಣೆಯ ಸೀಸೆ, ಚಹಾಪುಡಿ, ವರ್ಕಿ, ಚಾಕೊಲೇಟು ಮೊದಲಾದುವು ಹೊರಬರುತ್ತವೆ. ಅಲ್ಲಿಂದ ಸೇಬನ್ನು ತಂದವರು ವಿರಳ. ಉದಕಮಂಡಲದ ಪೇಟೆಯಲ್ಲಿ ಸೇಬು ಸಿಗುವುದಿಲ್ಲವೆಂದಲ್ಲ. ಅಲ್ಲಿ ಒಟ್ಟಿರುವ ಸೇಬು ಹಿಮಾಚಲದಿಂದಲೋ ಕಾಶ್ಮೀರದಿಂದಲೋ ಲಾರಿಯೇರಿ ಬಂದದ್ದು. ನಮ್ಮ ಕಾಸರಗೋಡಿನ ಅಂಗಡಿಗೆ ಬರುವುದೂ ಅದೇ. ಆದರೆ ಚರಿತ್ರೆಯ ಪುಟಗಳನ್ನು ತಿರುವಿದರೆ ಬೇರೆಯೇ ಸಂಗತಿ ತಿಳಿದುಬರುತ್ತದೆ. ಕುಲು ಕಣಿವೆಯ ಬಂದ್ರೋಲಿನಲ್ಲಿ ಕ್ಯಾಪ್ಟನ್ ಲೀ ಎಂಬವರು ಸೇಬಿನ ತೋಟ ಹಾಕಿದ್ದು 1870ರ ಸುಮಾರಿಗೆ. ಸಿಮ್ಲಾ ಬಳಿಯ ಕೋಟಗಢದಲ್ಲಿ ಸ್ಯಾಮ್ಯುಯೆಲ್ ಸ್ಟೋಕ್ಸರು ಅಮೆರಿಕದ ತಳಿಗಳನ್ನು ನೆಟ್ಟದ್ದು ಅದಕ್ಕೂ ನಾಲ್ಕು ದಶಕಗಳ ಬಳಿಕ. ನೀಲಗಿರಿಗೆ ಸೇಬು ಬಂದದ್ದು ಇವರೆಲ್ಲರಿಗಿಂತ ಮೊದಲು, 1820ರ ದಶಕದಲ್ಲಿ, ಕೊಯಮುತ್ತೂರಿನ ಕಲೆಕ್ಟರರಾಗಿದ್ದ ಜಾನ್ ಸಲಿವನ್ನರ ಕಾಲದಲ್ಲಿ. ಅರ್ಧ ಶತಮಾನ ಮುಂಚಿತವಾಗಿ ಹೊರಟ ಬೆಟ್ಟ ಹಿಂದೆ ಉಳಿದುದೇಕೆ ಎಂಬ ಪ್ರಶ್ನೆಯನ್ನು ಕಟ್ಟಿಕೊಂಡು ನಾವು ಈ ಸಲ ನೀಲಗಿರಿಗೆ ಹೊರಟೆವು.

ಮೈಸೂರು, ಗುಂಡ್ಲುಪೇಟೆಗಳನ್ನು ದಾಟಿ ಬಂಡೀಪುರದ ಕಾಡನ್ನು ಹಗಲಿನಲ್ಲೇ ಹಾಯಬೇಕು. ರಾತ್ರಿ ಒಂಬತ್ತರಿಂದ ಬೆಳಗಿನ ಆರರ ವರೆಗೆ ಅಲ್ಲಿ ವಾಹನಗಳಿಗೆ ತಡೆಯಿದೆ. 2024ರ ಮೇ ತಿಂಗಳಿನಿಂದ ಹೊರಗಿನ ವಾಹನಗಳು ನೀಲಗಿರಿಯನ್ನು ಏರಲು ಮುಂಗಡ ರಹದಾರಿಯನ್ನೂ ಪಡೆಯಬೇಕಾಗಿದೆ. ತೆಪ್ಪಕಾಡಿನ ಆನೆ ಶಿಬಿರದ ಬಳಿ ದಾರಿ ಕವಲೊಡೆಯುತ್ತದೆ. ಬಲದ ಹಾದಿ ಗೂಡಲೂರಿಗೆ, ಎಡದ್ದು ಮಸಿನಗುಡಿಗೆ. ನಾವು ಮಸಿನಗುಡಿಯ ದಾರಿ ಹಿಡಿದು, 36 ತಿರುವುಗಳ ಕಲ್‌ಹಟ್ಟಿ ಘಾಟಿಯನ್ನು ಏರಿದೆವು. ಮಸಿನಗುಡಿಯ ಚಹಾದಂಗಡಿಯಲ್ಲಿ ನಮ್ಮ ಕನ್ನಡಕ್ಕೆ ಕನ್ನಡದಲ್ಲೇ ಉತ್ತರ ಬಂತು. ಮಸಿನಗುಡಿ, ಕಲ್‌ಹಟ್ಟಿ, ದೊಡ್ಡಬೆಟ್ಟ! ರಾಜ್ಯದ ಗಡಿ ಹಿಂದೆ ಉಳಿಯಿತು, ಹೆಸರುಗಳು ಮಾತ್ರ ಜೊತೆಗೇ ಬಂದವು. 2,637 ಮೀಟರ್ ಎತ್ತರದ, ಇಡೀ ತಮಿಳುನಾಡಿಗೇ ಹಿರಿದಾದ ಶಿಖರಕ್ಕೆ ಅಚ್ಚಗನ್ನಡದ ಹೆಸರಿರುವುದನ್ನು ಕಂಡು ಗಡಿನಾಡಿನವರಾದ ನಮಗೆ ಸಂತೋಷವಾಗದೆ ಇರುತ್ತದೆಯೆ?

ಉದಕಮಂಡಲದಲ್ಲಿ ನಾವು ಬಹಳ ಹೊತ್ತು ನಿಲ್ಲಲಿಲ್ಲ. ಅದರ ವರ್ಣನೆಯನ್ನು ವಾಚಕರು ಸಾಕಷ್ಟು ಓದಿರಬಹುದು.

ಸೇಬನ್ನು ಹುಡುಕುವವರು ಇಳಿಯಬೇಕಾದುದು ಕುನ್ನೂರಿಗೆ. ಸುಮಾರು 1,850 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ 1874ರಲ್ಲಿ ರೂಪುಗೊಂಡ ಸಿಮ್ಸ್ ಪಾರ್ಕ್ ಇದೆ. ಪ್ರತಿ ಬೇಸಗೆಯಲ್ಲಿ ಅಲ್ಲಿ ಹಣ್ಣುಗಳ ಪ್ರದರ್ಶನ ನಡೆಯುತ್ತದೆ. ಅದರ ಸನಿಹದಲ್ಲೇ 1920ರಲ್ಲಿ ಸ್ಥಾಪನೆಯಾದ ಸರಕಾರಿ ಹಣ್ಣಿನ ತೋಟವೂ ಇದೆ. ಪ್ಲಮ್ಮು, ಪೀಚು, ಪರ್ಸಿಮನ್, ಮರಸೇಬು ಇವೆಲ್ಲ ಇಲ್ಲಿ ಹಿತವಾಗಿ ಬೆಳೆಯುತ್ತವೆ. (ಪೇರ್ ಹಣ್ಣಿಗೆ ನಮ್ಮವರು ಮರಸೇಬು ಎಂದು ಏಕೆ ಹೆಸರಿಟ್ಟರೋ, ಸೇಬು ಬಳ್ಳಿಯಲ್ಲಿ ಬಿಡುತ್ತದೆಂದು ಭಾವಿಸಿದ್ದರೆ?) ಸೇಬಿನ ಮರಗಳು ಮಾತ್ರ ಎಣಿಕೆಗೆ ಸಿಗುವಷ್ಟೇ. ಸೇಬು ಚಳಿಯನ್ನು ಬೇಡುವ ಮರ. ಎಲೆಯುದುರಿಸಿ ಮಲಗಿದ ಮೇಲೆ ಉಷ್ಣತೆ ಏಳು ಡಿಗ್ರಿಗಿಂತ ಕೆಳಗಿಳಿದ ತಾಸುಗಳನ್ನು ಲೆಕ್ಕವಿಟ್ಟುಕೊಂಡಂತೆ, ಅಷ್ಟು ತಾಸು ತುಂಬಿದ ಬಳಿಕವೇ ಅದು ಸರಿಯಾಗಿ ಚಿಗುರುತ್ತದೆ. ಕಾಶ್ಮೀರದ ಡೆಲಿಶಿಯಸ್ ತಳಿಗಳಿಗೆ ನೀಲಗಿರಿಯ ಚಳಿ ಸಾಲದು. ಪಾರ್ಲಿನ್ಸ್ ಬ್ಯೂಟಿ, ಐರಿಶ್ ಪೀಚ್, ರೋಮ್ ಬ್ಯೂಟಿಗಳಂತಹ ಕಡಿಮೆ ಚಳಿಗೆ ಒಗ್ಗುವ ತಳಿಗಳು ಮಾತ್ರ ದಕ್ಷಿಣದ ಬೆಟ್ಟಗಳಲ್ಲಿ ನಿಂತವು. ಅವೂ ಚಹಾದ ಮುಂದೆ ವ್ಯಾಪಾರದಲ್ಲಿ ಗೆಲ್ಲಲಿಲ್ಲ. ಇಷ್ಟು ಕಾರಣಗಳನ್ನು ಯಾರೂ ಹೇಳಿಯಾರು. ಇನ್ನೊಂದು ಕಾರಣವನ್ನು ನಾವು ಕಣ್ಣಾರೆ ಕಂಡದ್ದು ಕೋಟಗಿರಿಯ ದಾರಿಯಲ್ಲಿರುವ ಒಂದು ಬಡಗರ ಹಟ್ಟಿಯಲ್ಲಿ.

ಸಾಲುಮನೆಗಳ ಹಿಂದೆ, ಬೀನ್ಸ್ ಬಳ್ಳಿಗಳ ಆಚೆಗೆ, ಒಂದು ಮುದಿ ಸೇಬಿನ ಮರವಿತ್ತು. ಮನೆಯ ಹಿರಿಯರು ನಮ್ಮನ್ನು ಅಲ್ಲಿಗೆ ಕರೆದೊಯ್ದರು. ಅವರ ಬಡಗ ನುಡಿಗೂ ನಮ್ಮ ಕನ್ನಡಕ್ಕೂ ನಡುವೆ ದುಭಾಷಿಯ ಅಗತ್ಯ ಬೀಳಲಿಲ್ಲ. ನಿಧಾನವಾಗಿ ಮಾತಾಡಿದರೆ ಸಾಕಾಗುತ್ತಿತ್ತು. ಮರದ ಕೊಂಬೆಗಳ ಸಂದುಗಳಲ್ಲಿ, ಕತ್ತರಿಸಿದ ಗಾಯಗಳ ಅಂಚಿನಲ್ಲಿ ಯಾರೋ ಹತ್ತಿಯನ್ನು ಮೆತ್ತಿದಂತೆ ಬೆಳ್ಳನೆಯ ಉಣ್ಣೆ ಅಂಟಿಕೊಂಡಿತ್ತು. ಹಿರಿಯರು ಅದನ್ನು ಹೆಬ್ಬೆರಳಿನಿಂದ ಒರೆಸಿ ತೋರಿಸಿದರು. ಬೆರಳು ಕುಂಕುಮ ಹಚ್ಚಿದಂತೆ ಕೆಂಪಾಯಿತು. "ಮೇಲಿನದನ್ನು ಒರೆಸಬಹುದು, ಬೇರಿನದನ್ನು ಏನು ಮಾಡುವುದು?" ಎಂಬುದು ಅವರ ಮಾತಿನ ಅರ್ಥವಾಗಿತ್ತು. ಬುಡದ ಮಣ್ಣನ್ನು ಕೊಂಚ ಸರಿಸಿದಾಗ ಬೇರಿನ ಮೇಲೆ ಗಂಟು ಗಂಟಾಗಿ ಬಾವು ಎದ್ದಿರುವುದು ಕಾಣಿಸಿತು.

ಇದು ಸೇಬಿನ ಉಣ್ಣೆಹೇನು. ಮೂಲತಃ ಅಮೆರಿಕದ್ದು. 1787ರಲ್ಲಿ ಲಂಡನ್ನಿನಲ್ಲಿ ಕಾಣಿಸಿಕೊಂಡಾಗ ಅಲ್ಲಿನವರು ಇದನ್ನು ಅಮೆರಿಕದ ಪಿಡುಗೆಂದೇ ಕರೆದರು. ಬಳಿಕ ಸೇಬಿನ ಸಸಿ ಹೋದಲ್ಲೆಲ್ಲ ಹೇನೂ ಹೋಯಿತು. ನಮ್ಮ ದೇಶದಲ್ಲಿ ಇದು ಮೊತ್ತಮೊದಲು ದಾಖಲಾದುದು ಇದೇ ಕುನ್ನೂರಿನಲ್ಲಿ, 1889ರಲ್ಲಿ. ಸಿಮ್ಲಾದಲ್ಲಿ ಕಾಣಿಸಿದ್ದು ಇಪ್ಪತ್ತು ವರ್ಷಗಳ ತರುವಾಯ. ಸೇಬನ್ನು ತರುವುದರಲ್ಲಿ ಮುಂದಾದ ಬೆಟ್ಟ ಅದರ ಕಾಟವನ್ನು ಬರಮಾಡಿಕೊಳ್ಳುವುದರಲ್ಲೂ ಮುಂದಾಯಿತೆನ್ನಬೇಕು. ಹಿಮ ಬೀಳುವ ನಾಡಿನಲ್ಲಿ ಚಳಿ ಈ ಹೇನಿನ ಸಂತತಿಯನ್ನು ವರ್ಷಕ್ಕೊಮ್ಮೆಯಾದರೂ ತಗ್ಗಿಸುತ್ತದೆ. ನೀಲಗಿರಿಯ ಚಳಿಗೆ ಆ ಕಸುವಿಲ್ಲ. ಗಂಡಿನ ಹಂಗೂ ಇಲ್ಲದೆ ಹೆಣ್ಣುಹೇನುಗಳೇ ಮರಿಹಾಕುತ್ತ, ಚಳಿಗಾಲದಲ್ಲಿ ಬೇರಿಗಿಳಿದು, ಬಿಸಿಲು ಏರಿದಾಗ ಕೊಂಬೆಗೇರಿ, ವರ್ಷವಿಡೀ ಮನೆಮಾಡಿಕೊಂಡಿರುತ್ತವೆ.

ಹಾಗಾದರೆ ಮರ ಸುಮ್ಮನಿದೆಯೆ? ಓಡಲಾರದ, ಕೈಯೆತ್ತಿ ಹೊಡೆಯಲಾರದ ಮರಗಿಡಗಳಿಗೆ ಸೃಷ್ಟಿ ಕೊಟ್ಟ ಆಯುಧ ರಸಾಯನ. ನಮ್ಮ ಗೃಹಿಣಿಯರಿಗೆ ಇದು ಹೊಸ ವಿಷಯವೇನಲ್ಲ. ಹೆಚ್ಚಿದ ಬಾಳೆದಿಂಡನ್ನು ಮಜ್ಜಿಗೆ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ; ಬದನೆಯೂ ಹಾಗೆಯೇ; ಕೊಯ್ದಿಟ್ಟ ಸೇಬು ಗಳಿಗೆಯಲ್ಲಿ ಕಂದುತ್ತದೆ. ಸಸ್ಯದ ಜೀವಕೋಶದಲ್ಲಿ ಒಂದು ಅರೆಯಲ್ಲಿ ಫೀನಾಲ್ ಎಂಬ ಜಾತಿಯ ವಸ್ತುಗಳು, ಇನ್ನೊಂದು ಅರೆಯಲ್ಲಿ ಅವನ್ನು ಉತ್ಕರ್ಷಿಸುವ ಕಿಣ್ವ, ಹೀಗೆ ಬೇರೆ ಬೇರೆಯಾಗಿ ಇಡಲ್ಪಟ್ಟಿರುತ್ತವೆ. ಕತ್ತಿಯೋ ಹುಳುವಿನ ಹಲ್ಲೋ ಗೋಡೆಯನ್ನು ಒಡೆದಾಗ ಅವೆರಡೂ ಕಲೆತು, ಗಾಳಿಯ ಆಮ್ಲಜನಕವೂ ಸೇರಿ, ಕಂದುಬಣ್ಣದ ಕಟುವಾದ ಪದಾರ್ಥ ಹುಟ್ಟುತ್ತದೆ. ಹುಳುವಿನ ಹೊಟ್ಟೆಗೆ ಅದು ಒಗ್ಗುವುದಿಲ್ಲ. ಅದು ತಿಂದ ಪ್ರೋಟೀನನ್ನೂ ಕೆಡಿಸುತ್ತದೆ. ಮಜ್ಜಿಗೆಯ ಹುಳಿ ಆ ಕಿಣ್ವದ ಕೈ ಕಟ್ಟುತ್ತದೆ, ಅಷ್ಟೆ. ನಮ್ಮ ಅಜ್ಜಿಯಂದಿರು ಸಸ್ಯಗಳ ಯುದ್ಧವನ್ನು ಅಡುಗೆಮನೆಯಲ್ಲಿ ನಿಲ್ಲಿಸುತ್ತಿದ್ದರು!

ಸೇಬಿನ ಮರದಲ್ಲಿ ಇದಕ್ಕಾಗಿಯೇ ಎಂಬಂತೆ ಒಂದು ವಿಶೇಷ ವಸ್ತುವಿದೆ. ಹೆಸರು ಫ್ಲೋರಿಜಿನ್. ಎಲೆಯಲ್ಲಿ, ತೊಗಟೆಯಲ್ಲಿ, ಬೇರಿನ ಸಿಪ್ಪೆಯಲ್ಲಿ ಅದು ಧಾರಾಳ. ಒಣಗಿದ ಎಲೆಯ ತೂಕದಲ್ಲಿ ನೂರಕ್ಕೆ ಹತ್ತರಷ್ಟು ಪಾಲು ಇದೊಂದೇ ಇರುವುದುಂಟು. ಹತ್ತಿರದ ಬಂಧುವಾದ ಮರಸೇಬಿನಲ್ಲಿ ಇದು ಇಲ್ಲವೆಂದೇ ಹೇಳಬಹುದು. ರುಚಿ ಕಹಿ. ಇಷ್ಟು ಕಹಿಯನ್ನು ತುಂಬಿಕೊಂಡ ಮರವನ್ನು ಹೇನು ಹೇಗೆ ಮುಟ್ಟಿತು?

ಇದಕ್ಕೆ ಉತ್ತರ ಸ್ವಾರಸ್ಯವಾದುದು. 1974ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಫ್ಲೋರಿಜಿನ್ ಬೆರೆಸಿದ ಆಹಾರವನ್ನು ಬೇರೆ ಬೇರೆ ಜಾತಿಯ ಹೇನುಗಳಿಗೆ ಕೊಟ್ಟು ನೋಡಿದರು. ಪೀಚಿನ ಮರದಲ್ಲೂ ಆಲೂಗಡ್ಡೆ, ಕೋಸುಗಳಲ್ಲೂ ಬದುಕುವ ಹಸಿರು ಹೇನು ಅದರಿಂದ ದೂರ ಸರಿಯಿತು. ಸೇಬಿನ ಮೇಲೆಯೇ ಬಾಳುವ ಹಸಿರು ಹೇನಿಗೆ ಅದು ಲೆಕ್ಕಕ್ಕೇ ಬರಲಿಲ್ಲ. ಆಲೂಗಡ್ಡೆ, ಕೋಸುಗಳ ಹೊಲದಿಂದ ಹೊಲಕ್ಕೆ ಹಬ್ಬುವ ಆ ಹೇನು ಪಕ್ಕದಲ್ಲೇ ನಿಂತ ಸೇಬಿಗೆ ಏಕೆ ಒಕ್ಕಲಾಗುವುದಿಲ್ಲ ಎಂಬುದಕ್ಕೆ ಇದೂ ಒಂದು ಕಾರಣವಿರಬೇಕು. ಎಂದರೆ ಮರದ ಕಹಿ ದಾರಿಹೋಕರನ್ನು ತಡೆಯುವ ಬೇಲಿ. ಯುಗಯುಗಗಳಿಂದ ಒಳಮನೆಯ ಪರಿಚಯವುಳ್ಳವನಿಗೆ ಅದು ಬೇಲಿಯಲ್ಲ. ಮೇಲಾಗಿ ಹೇನು ಎಲೆಯನ್ನು ಜಗಿಯುವುದಿಲ್ಲ. ಕೂದಲಿಗಿಂತಲೂ ನವಿರಾದ ಸೂಜಿಮೂತಿಯನ್ನು ಕೋಶಗಳ ನಡುನಡುವೆ ನುಸುಳಿಸಿ, ಎಲೆಯಲ್ಲಿ ಸಿದ್ಧವಾದ ಸಕ್ಕರೆ ಇಳಿದುಬರುವ ನಾಳಕ್ಕೇ ನೇರವಾಗಿ ಕೊಳವೆ ಇಡುತ್ತದೆ. ಗೋಡೆಗಳು ಹೆಚ್ಚು ಒಡೆಯುವುದಿಲ್ಲ. ಮರದ ಆಯುಧ ಒರೆಯಲ್ಲೇ ಉಳಿಯುತ್ತದೆ.

ಸೇಬಿನ ಬೀಜದಲ್ಲಿ ಸಯನೈಡ್ ಬಿಡುವ ವಸ್ತುವಿದೆಯೆಂದು ಹೆದರಿಸುವವರುಂಟು. ಇದೆ, ಅದೂ ಜಗಿದರೆ ಮಾತ್ರ. ಒಂದೆರಡು ಬೀಜ ನುಂಗಿದ ಮಗುವಿಗಾಗಿ ಗಾಬರಿಪಡಬೇಕಾಗಿಲ್ಲ. ಮರಗೆಣಸನ್ನು ಬೇಯಿಸಿ ನೀರು ಚೆಲ್ಲುವ ನಮ್ಮ ನಾಡಿನವರಿಗೆ ಇಂತಹ ವಿಷದೊಡನೆ ಸಂಸಾರ ಮಾಡುವ ಬಗೆ ಗೊತ್ತೇ ಇದೆ.

ಒಳಮನೆಯ ಕಳ್ಳನನ್ನು ತಡೆಯಬಲ್ಲ ಸೇಬು ಇಲ್ಲವೇ ಇಲ್ಲವೆ? ಇದೆ. 1831ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ವಿಂಟರ್ ಮೆಜೆಟಿನ್ ಎಂಬ ತಳಿಗೆ ಉಣ್ಣೆಹೇನು ಹತ್ತುವುದಿಲ್ಲವೆಂದು ಬರೆದಿಟ್ಟಿದ್ದಾರೆ. ಸಸ್ಯವೊಂದರ ಸಹಜವಾದ ಕೀಟನಿರೋಧಕ್ಕೆ ಲಿಖಿತ ಸಾಕ್ಷ್ಯಗಳಲ್ಲಿ ಇದು ತೀರ ಹಳೆಯವುಗಳ ಸಾಲಿಗೆ ಸೇರುತ್ತದೆ. ಅದಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ನಾರ್ದರ್ನ್ ಸ್ಪೈ. 1800ರ ಸುಮಾರಿಗೆ ನ್ಯೂಯಾರ್ಕ್ ಸಂಸ್ಥಾನದ ಈಸ್ಟ್ ಬ್ಲೂಮ್‌ಫೀಲ್ಡ್ ಎಂಬಲ್ಲಿ ಬೀಜದಿಂದ ಹುಟ್ಟಿದ ಮರವಿದು. ಇದರ ಬೇರಿಗೆ ಹೇನು ಹತ್ತುವುದಿಲ್ಲ. ಆಸ್ಟ್ರೇಲಿಯ, ನ್ಯೂಜಿಲೆಂಡಿನ ತೋಟಗಾರರು ಕಳೆದುಹೋಗುತ್ತಿದ್ದ ತಮ್ಮ ತೋಟಗಳನ್ನು ಇದರ ಬೇರಿನ ಮೇಲೆ ಕಸಿಕಟ್ಟಿ ಉಳಿಸಿಕೊಂಡರು. ಮುಂದೆ ಇಂಗ್ಲೆಂಡಿನ ಮೆರ್ಟನ್ನಿನ ಜಾನ್ ಇನ್ಸ್ ಸಂಸ್ಥೆಯೂ ಈಸ್ಟ್ ಮಾಲಿಂಗಿನ ಸಂಶೋಧನ ಕೇಂದ್ರವೂ ಕೂಡಿ ಇದನ್ನು ಬೇರೆ ಬೇರುಸಸ್ಯಗಳೊಡನೆ ಸಂಕರಗೊಳಿಸಿ, 1952ರಲ್ಲಿ ಮಾಲಿಂಗ್-ಮೆರ್ಟನ್ ಮಾಲೆಯನ್ನು ಹೊರತಂದವು. ಎಂ.ಎಂ. 106, ಎಂ.ಎಂ. 111 ಎಂದು ಹಿಮಾಚಲದ ರೈತರು ಇಂದು ಸಲೀಸಾಗಿ ಹೇಳುವ ಹೆಸರುಗಳು ಆ ಮನೆತನದವೇ.

ಈ ಬೇರಿನ ಗುಟ್ಟು ಏನು? ತೊಗಟೆಯೊಳಗಿನ ಗಡಸು ನಾರಿನ ಪದರವೇ ಕಾರಣವೆಂದು ಒಂದು ಕಾಲಕ್ಕೆ ಭಾವಿಸಿದ್ದರು. ಫ್ಲೋರಿಜಿನ್ನಿನ ಕಹಿ ಕಾರಣವಾಗಿರಲಾರದು. ಸೋಲುವ ಬೇರಿನಲ್ಲೂ ಗೆಲ್ಲುವ ಬೇರಿನಲ್ಲೂ ಆ ಕಹಿ ಇದ್ದೇ ಇದೆ. ಈಗ ತಿಳಿದಿರುವಂತೆ ನಾರ್ದರ್ನ್ ಸ್ಪೈಯ ನಿರೋಧ ಎಂಟನೆಯ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯನ್ನು ಅವಲಂಬಿಸಿದೆ. ಹೇನು ಅಂತಹ ಗಿಡಕ್ಕೂ ಸೂಜಿಯನ್ನು ಚುಚ್ಚಿ ನೋಡುತ್ತದೆ. ಆದರೆ ಪಟ್ಟಾಗಿ ಕುಳಿತು ರಸ ಹೀರುವುದಿಲ್ಲ, ಸಂಸಾರ ಹೂಡುವುದಿಲ್ಲ. ಒಂದೇ ಬೀಗವಾದುದರಿಂದ ಕೀಲಿಯನ್ನು ಕಂಡುಹಿಡಿದ ಹೇನುಗಳೂ ಹುಟ್ಟಿಕೊಂಡಿವೆ. ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಗಳಲ್ಲಿ ನಾರ್ದರ್ನ್ ಸ್ಪೈಯ ಬೇರಿಗೂ ಹತ್ತುವ ಬಗೆಗಳು ಕಂಡುಬಂದಿವೆ. ಆದುದರಿಂದಲೇ ತಳಿತಜ್ಞರು ಬೇರೆ ಸೇಬುಗಳಿಂದ ಇನ್ನೂ ಎರಡು ಮೂರು ಬೀಗಗಳನ್ನು ಹುಡುಕಿ ಒಂದೇ ಬೇರಿನಲ್ಲಿ ಕೂಡಿಸುವ ಯತ್ನದಲ್ಲಿದ್ದಾರೆ.

ಬೇರು ಗೆದ್ದಿತು ಎನ್ನೋಣ. ಮೇಲಿನ ಕೊಂಬೆಗೇನು ಗತಿ? ಕಸಿಯಲ್ಲಿ ಬೇರಿನ ಗುಣ ಮೇಲಿನ ತಳಿಗೆ ಹತ್ತುವುದಿಲ್ಲ; ಕಾಡುಮಾವಿನ ಬುಡದ ಮೇಲೆ ಕಟ್ಟಿದ ಆಲ್ಫಾನ್ಸೊ ಆಲ್ಫಾನ್ಸೊವೇ. ಇಲ್ಲಿಗೆ ಬರುವವನು ಇನ್ನೊಬ್ಬ ಅತಿಥಿ. ಒಂದು ಮಿಲಿಮೀಟರಿನಷ್ಟೇ ಉದ್ದದ ಕರಿಯ ಕಣಜ. ಶಾಸ್ತ್ರದಲ್ಲಿ ಆಫಿಲಿನಸ್ ಮಾಲಿ ಎಂದು ಹೆಸರು. ಇದೂ ಅಮೆರಿಕದ್ದೇ. ಹೇನಿನ ಮೈಯೊಳಗೆ ಒಂದು ಮೊಟ್ಟೆಯನ್ನಿಡುತ್ತದೆ. ಮರಿ ಹೇನನ್ನು ಒಳಗಿನಿಂದಲೇ ತಿಂದು ಬೆಳೆಯುತ್ತದೆ. ಹೇನು ಉಣ್ಣೆ ಕಳೆದುಕೊಂಡು ಕಪ್ಪು ಸಿಪ್ಪೆಯಾಗುತ್ತದೆ. ಅದರ ಬೆನ್ನಿಗೆ ದುಂಡನೆಯ ಕಿಂಡಿ ಕೊರೆದು ಕಣಜ ಹಾರಿಹೋಗುತ್ತದೆ. 1920ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿಗೆ ಒಯ್ದು ಬಿಟ್ಟಾಗ ಇದು ಅಲ್ಲಿನ ತೋಟಗಳನ್ನು ಕಾಯಿತು. ಬಳಿಕ ನಮ್ಮ ದೇಶಕ್ಕೂ ತಂದು, ಉತ್ತರದ ಕಣಿವೆಗಳಲ್ಲಿಯೂ ಕುನ್ನೂರಿನಲ್ಲಿಯೂ ಬಿಟ್ಟರು. ಮಣ್ಣಿನೊಳಗೆ ಇಳಿಯುವುದು ಮಾತ್ರ ಈ ಕಣಜದಿಂದಾಗದು. ಹೀಗೆ ಮಣ್ಣಿನ ಕೆಳಗೆ ಬೇರಿನ ಗುಣ, ಮೇಲೆ ಕಣಜದ ಕಾವಲು; ಎರಡೂ ಕೂಡಿದರೆ ತೋಟ ಉಳಿಯುತ್ತದೆ. ತಮಿಳುನಾಡಿನ ಕೃಷಿ ವಿಶ್ವವಿದ್ಯಾನಿಲಯ ಸೇಬು ಬೆಳೆಯುವವರಿಗೆ ಕೊಡುವ ಸಲಹೆಯೂ ಇವೆರಡನ್ನೂ ಒಳಗೊಂಡಿದೆ. ಆ ಹಟ್ಟಿಯ ಮುದಿಮರದಲ್ಲಿ ನಾವು ಕೈಗಾಜು ಹಿಡಿದು ಹುಡುಕಿದಾಗ ಬಿಳಿ ಉಣ್ಣೆಯ ನಡುವೆ ಅಲ್ಲಲ್ಲಿ ಕಪ್ಪು ಸಿಪ್ಪೆಗಳೂ, ಸಿಪ್ಪೆಯ ಬೆನ್ನಿನ ಕಿಂಡಿಗಳೂ ಕಾಣಿಸಿದವು. ಮನೆಯವರು ಆ ಮರಕ್ಕೆ ಔಷಧಿ ಹೊಡೆಯುವುದಿಲ್ಲವಂತೆ. ಹಾಗಾಗಿಯೇ ಕಣಜ ಉಳಿದುಕೊಂಡಿದೆ.

ಔಷಧಿ ಹೊಡೆದಿದ್ದರೆ ಏನಾಗುತ್ತಿತ್ತೆಂಬುದು ಊಹೆಯ ಮಾತಲ್ಲ. ಎರಡನೆಯ ಮಹಾಯುದ್ಧದ ನಂತರ ಪಾಶ್ಚಾತ್ಯ ದೇಶಗಳ ಸೇಬಿನ ತೋಟಗಳಿಗೆ ಡಿ.ಡಿ.ಟಿ. ಬಂತು. ಹಣ್ಣು ಕೊರೆಯುವ ಪತಂಗದ ಹುಳುವಿಗಾಗಿ ಸಿಂಪಡಿಸಿದ ಆ ವಿಷ ಕಣಜವನ್ನು ಕೊಂದಿತು. ಮೇಣದ ಉಣ್ಣೆಯೊಳಗೆ ಬೆಚ್ಚಗಿದ್ದ ಹೇನು ಹಿಂದೆಂದಿಗಿಂತಲೂ ಹೆಚ್ಚಿತು. ಸೇಬಿನ ಎಲೆಯನ್ನು ಕೆಂಪುನುಸಿ ಮುತ್ತಿದಾಗ ಎಲೆ ಒಂದು ಬಗೆಯ ಪರಿಮಳವನ್ನು ಗಾಳಿಗೆ ಬಿಡುತ್ತದೆ, ಆ ಜಾಡು ಹಿಡಿದು ನುಸಿಯನ್ನು ತಿನ್ನುವ ಬೇಟೆನುಸಿ ಬರುತ್ತದೆ ಎಂಬುದನ್ನು ಹಾಲೆಂಡಿನವರು 1980ರ ದಶಕದಲ್ಲಿ ತೋರಿಸಿಕೊಟ್ಟಿದ್ದಾರೆ. ಮರ ಕೂಗಿ ಕರೆಯುತ್ತದೆ. ಕರೆಗೆ ಓಗೊಡಬೇಕಾದವರನ್ನು ನಾವು ಕೊಂದಿರುತ್ತೇವೆ.

ಹಿಂತಿರುಗುವಾಗ ಗೂಡಲೂರಿನ ದಾರಿ ಹಿಡಿದೆವು. ನಡುವಟ್ಟದ ಬಳಿ ಗಾಡಿ ನಿಲ್ಲಿಸಿದ್ದಕ್ಕೆ ಕಾರಣವಿತ್ತು. 1860ರ ದಶಕದ ಆರಂಭದಲ್ಲಿ ಕ್ಲೆಮೆಂಟ್ಸ್ ಮಾರ್ಖಮರ ಯತ್ನದಿಂದ ದಕ್ಷಿಣ ಅಮೆರಿಕದ ಸಿಂಕೋನ ಉದಕಮಂಡಲಕ್ಕೆ ಬಂದಾಗ ಅದನ್ನು ಬೆಳೆಸಿದವರು ಅಲ್ಲಿನ ಸಸ್ಯೋದ್ಯಾನವನ್ನು ನಿರ್ಮಿಸಿದ ವಿಲಿಯಂ ಗ್ರಹಾಂ ಮ್ಯಾಕ್‌ಐವರ್. ದೊಡ್ಡಬೆಟ್ಟದಲ್ಲಿಯೂ ನಡುವಟ್ಟದಲ್ಲಿಯೂ ತೋಟಗಳೆದ್ದವು. ಮಲೇರಿಯದ ಮದ್ದಾದ ಕ್ವಿನೈನ್ ಇಲ್ಲಿ ತಯಾರಾಯಿತು. ಮ್ಯಾಕ್‌ಐವರರು ಕಂಡುಕೊಂಡ ಒಂದು ಉಪಾಯವಿದೆ. ಮರವನ್ನು ಕಡಿಯದೆ ತೊಗಟೆಯನ್ನು ಪಟ್ಟೆಯಾಗಿ ಸುಲಿದು, ಗಾಯಕ್ಕೆ ಹಾವಸೆಯನ್ನು ಕಟ್ಟುವುದು. ಹೊಸದಾಗಿ ಬೆಳೆದ ತೊಗಟೆಯಲ್ಲಿ ಮೊದಲಿನದಕ್ಕಿಂತ ಹೆಚ್ಚು ಮದ್ದಿನಂಶ ಸಿಗುತ್ತಿತ್ತು. ಗಾಯಗೊಂಡ ಮರ ತನ್ನ ಕಹಿಯನ್ನು ಹೆಚ್ಚಿಸಿಕೊಳ್ಳುತ್ತಿತ್ತು.

ಈ ಸಿಂಕೋನಕ್ಕೂ ಸೇಬಿಗೂ ಒಂದು ನಂಟಿದೆ. ಫ್ರಾನ್ಸಿನ ಪೆಲೆತಿಯೇ ಮತ್ತು ಕವಾಂತೂ ಎಂಬವರು 1820ರಲ್ಲಿ ಸಿಂಕೋನದ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. ಎರಡು ವರ್ಷ ಮೊದಲು ಸ್ಟ್ರಿಕ್ನಿನ್ ಎಂಬ ಘೋರ ವಿಷವನ್ನು ಬೇರ್ಪಡಿಸಿದ್ದೂ ಇವರೇ. ಅದು ನಮ್ಮ ಕಾಸರಕದ ಬೀಜದಲ್ಲಿರುವ ವಿಷ. ಕಾಸರಗೋಡಿಗೆ ಆ ಮರದಿಂದಲೇ ಹೆಸರು ಬಂತೆನ್ನುವವರಿದ್ದಾರೆ. ಅಲ್ಲಿಂದ ಯುರೋಪಿನವರು ಕಹಿಯಾದ ತೊಗಟೆಗಳನ್ನೆಲ್ಲ ಜ್ವರದ ಮದ್ದಿಗಾಗಿ ಶೋಧಿಸತೊಡಗಿದರು. 1835ರಲ್ಲಿ ಸೇಬಿನ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಹೊರಬಂದದ್ದು ಈ ಹುಡುಕಾಟದಲ್ಲೇ. ಜ್ವರಕ್ಕೆ ಅದು ಹೇಳಿಕೊಳ್ಳುವಂತಹ ಉಪಯೋಗಕ್ಕೆ ಬರಲಿಲ್ಲ. ಆದರೆ 1886ರಲ್ಲಿ ಜರ್ಮನಿಯ ಫಾನ್ ಮೇರಿಂಗರು ಅದನ್ನು ಸೇವಿಸಿದರೆ ಮೂತ್ರದಲ್ಲಿ ಸಕ್ಕರೆ ಇಳಿದುಹೋಗುತ್ತದೆಂದು ಕಂಡರು. ಒಂದು ಶತಮಾನ ಕಳೆದ ಮೇಲೆ ಅದೇ ಮಾದರಿಯಲ್ಲಿ ರಚಿಸಿದ ಡಾಪಾಗ್ಲಿಫ್ಲೋಜಿನ್ ಮುಂತಾದ ಮಾತ್ರೆಗಳನ್ನು ಇಂದು ನಮ್ಮ ಊರುಗಳ ಎಷ್ಟೋ ಮಧುಮೇಹಿಗಳು ನುಂಗುತ್ತಿದ್ದಾರೆ. ಹಾಗೆಂದು ಸೇಬಿನ ತೊಗಟೆಯ ಕಷಾಯ ಕಾಯಿಸಲು ಯಾರೂ ಹೊರಡಬಾರದು. ಮೂಲವಸ್ತು ಕರುಳಿಗೆ ಒಗ್ಗುವುದಿಲ್ಲವೆಂದೇ ಅದನ್ನು ತಿದ್ದಿ ಮಾತ್ರೆ ಮಾಡಿದ್ದು.

ನಡುವಟ್ಟದಿಂದ ಗೂಡಲೂರಿನ ವರೆಗೆ ಎರಡು ಕಡೆಯೂ ಚಹಾ. ಚಹಾದ ಎಲೆಯೂ ಕೆಫೀನು, ಟ್ಯಾನಿನುಗಳಿಂದ ಕೂಡಿದ್ದು. ಆ ಕಹಿಗಾಗಿಯೇ ನಾವು ಅದನ್ನು ಕುಡಿಯುತ್ತೇವೆ. ಆದರೂ ಅದರ ಚಿಗುರಿಗೆ ಮೂತಿ ಹಾಕುವ ಒಂದು ಕೀಟವಿದೆ: ಟೀ ಸೊಳ್ಳೆ. ಸೊಳ್ಳೆಯೆಂದು ಹೆಸರಾದರೂ ಇದು ತಿಗಣೆಯ ಜಾತಿ. ಜಾವಾದ್ವೀಪದಲ್ಲಿ ಇದೇ ಬಳಗದ ತಿಗಣೆ ಸಿಂಕೋನದ ತೋಟಗಳನ್ನೂ ಪೀಡಿಸಿತ್ತು; ಕ್ವಿನೈನಿನ ಕಹಿಯೂ ಅದನ್ನು ತಡೆಯಲಿಲ್ಲ. ಈ ಹೆಸರನ್ನು ಓದಿದೊಡನೆ ನಮ್ಮ ವಾಚಕರಲ್ಲಿ ಅನೇಕರಿಗೆ ನೀಲಗಿರಿ ಮರೆತು ಮನೆಯ ಗೇರುಗುಡ್ಡೆ ಕಣ್ಣಮುಂದೆ ಬಂದಿರಬೇಕು. ಗೇರಿನ ಚಿಗುರನ್ನೂ ಹೂಗೊಂಚಲನ್ನೂ ಕರಟಿಸುವ ಟೀ ಸೊಳ್ಳೆ ಇದೇ ಬಳಗದ್ದು.

ಗೇರಿಗೂ ತನ್ನ ರಸಾಯನವಿದೆ. ಹಸಿಬೀಜದ ಸಿಪ್ಪೆಯ ಎಣ್ಣೆ ತಾಗಿ ತುಟಿ ಸುಟ್ಟುಕೊಳ್ಳದ ಮಕ್ಕಳು ನಮ್ಮ ಕಡೆ ಇಲ್ಲ. ಅಂತಹ ಮರದ ಎಳೆಚಿಗುರಿಗೆ ತಿಗಣೆ ಬಾಯಿಹಾಕಿತೆಂಬ ಕಾರಣಕ್ಕೆ ನಮ್ಮ ಜಿಲ್ಲೆಯ ಸುಮಾರು 4,700 ಹೆಕ್ಟೇರ್ ಸರಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ವರ್ಷ ವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆಯ ಪಡ್ರೆ, ಸ್ವರ್ಗಗಳಲ್ಲಿ ಗುಡ್ಡದ ಮೇಲೆ ಬಿದ್ದದ್ದು ಸುರಂಗದ ನೀರಿಗೆ, ತೋಡಿಗೆ ಇಳಿಯಿತು. ಮುಂದಿನದನ್ನು ಈ ಪತ್ರಿಕೆಯ ವಾಚಕರಿಗೆ ನಾವು ವಿವರಿಸಿ ಹೇಳಬೇಕಾಗಿಲ್ಲ. ಎಷ್ಟೋ ಮನೆಗಳಲ್ಲಿ ಏಳಲಾರದ, ಮಾತು ಬಾರದ ಮಕ್ಕಳನ್ನು ಎತ್ತಿ ಸಾಕಿ ಮುದುಕಿಯರಾದ ತಾಯಂದಿರಿದ್ದಾರೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ಈ ವಿಷವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶವಿತ್ತಿತು. ಕೋಟಗಿರಿಯ ಹಟ್ಟಿಯಲ್ಲಿ ಒಂದು ಮರದ ಬುಡದಲ್ಲಿ ನಿಂತು ಕಣಜದ ಕಿಂಡಿಗಳನ್ನು ಎಣಿಸುತ್ತಿದ್ದಾಗ ನಮ್ಮೊಡನಿದ್ದ ಪಡ್ರೆಯ ಕಡೆಯ ಅಕ್ಕ ಒಬ್ಬರು ಬಹಳ ಹೊತ್ತು ಮಾತಾಡಲಿಲ್ಲ. ಅವರು ಏನನ್ನು ನೆನೆಯುತ್ತಿದ್ದರೆಂದು ನಾವು ಕೇಳಲಿಲ್ಲ.

ಸೇಬಿಗೆ ಬೇರು ಹುಡುಕಿದಂತೆ ಗೇರಿಗೂ ಹುಡುಕಾಟ ನಡೆದಿದೆ. ಪುತ್ತೂರಿನ ಗೇರು ಸಂಶೋಧನ ಕೇಂದ್ರದವರು ಆಯ್ದು ಕೊಟ್ಟ 'ಭಾಸ್ಕರ' ತಳಿ ಕೊಂಚ ತಡವಾಗಿ ಹೂಬಿಡುವುದರಿಂದ, ಹಾವಳಿ ಸಾಧಾರಣವಾಗಿದ್ದ ವರ್ಷಗಳಲ್ಲಿ ಟೀ ಸೊಳ್ಳೆಯ ಕೈಯಿಂದ ಬಹುಮಟ್ಟಿಗೆ ಪಾರಾಗುತ್ತದೆ. ಇದು ಕಹಿಯ ಬಲವೂ ಅಲ್ಲ, ಬೀಗದ ಬಲವೂ ಅಲ್ಲ; ಶತ್ರು ಬಂದಾಗ ಮನೆಯಲ್ಲಿಲ್ಲದಿರುವ ಜಾಣತನ. ಕಣಜದ ಸ್ಥಾನದಲ್ಲಿ ನಮಗೆ ಚಗಳಿ ಇರುವೆಯಿದೆ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಈ ಕೆಂಪಿರುವೆ ನೆಲೆಸಿದ ಗೇರುಮರದಲ್ಲಿ ಟೀ ಸೊಳ್ಳೆಯ ಕಾಟ ಕಡಿಮೆಯೆಂದು ಆಸ್ಟ್ರೇಲಿಯದ ಗೇರುತೋಟಗಳಲ್ಲಿ ಪರೀಕ್ಷಿಸಿ ತಿಳಿದಿದ್ದಾರೆ. ನಮ್ಮ ಹಿರಿಯರು ಚಗಳಿಯ ಚಟ್ನಿಯನ್ನಷ್ಟೇ ಬಲ್ಲವರಾಗಿದ್ದರು.

ಇತ್ತೀಚೆಗೆ ಬಯಲಿನಲ್ಲೂ ಬೆಳೆಯುವ ಸೇಬೆಂದು ಹಿಮಾಚಲದ ಹರಿಮನ್ ಶರ್ಮರ ತಳಿಯ ಸಸಿಗಳು ನಮ್ಮ ಊರುಗಳಿಗೂ ಬರುತ್ತಿವೆ. ಆಸೆಯಿಂದ ನೆಡುವವರು ಸಸಿ ಕೊಳ್ಳುವಾಗ ಮೇಲಿನ ತಳಿಯ ಹೆಸರನ್ನಷ್ಟೇ ಕೇಳದೆ ಬೇರು ಯಾವುದರದೆಂದೂ ಕೇಳಲಿ, ಕಸಿಯ ಗಂಟಿನಲ್ಲಿಯೂ ಬೇರಿನಲ್ಲಿಯೂ ಬಿಳಿ ಉಣ್ಣೆ ಇದೆಯೇ ಎಂದು ನೋಡಿಕೊಳ್ಳಲಿ. 1889ಕ್ಕೆ ಮೊದಲು ಕುನ್ನೂರಿನಲ್ಲಿ ಇಳಿದ ಯಾವುದೋ ಒಂದು ಸಸಿಯ ಕಟ್ಟನ್ನು ಹಾಗೆ ಬಿಚ್ಚಿ ನೋಡಿದವರಿರಲಿಲ್ಲ.

ನಾವಂತೂ ಸೇಬಿನ ಸಸಿ ತರಲಿಲ್ಲ. ಊರಿಗೆ ಬಂದ ಮರುದಿನ ಗುಡ್ಡೆಗೆ ಹೋದಾಗ ಹಳೆಯ ಗೇರುಮರವೊಂದರಲ್ಲಿ ಚಗಳಿಯ ಗೂಡುಗಳು ಎಂಟೋ ಹತ್ತೋ ತೂಗುತ್ತಿದ್ದವು. ಬೀಜ ಹೆಕ್ಕಲು ಬರುವ ಹೆಂಗಸರಿಗೆ ಮಾತ್ರ ಈ ಕಾವಲುಗಾರರು ಒಂದಿಷ್ಟೂ ಹಿಡಿಸುವುದಿಲ್ಲ. ಗೂಡನ್ನು ಸುಡಬಾರದೆಂದು ಹೇಳಿದ್ದಕ್ಕೆ ಅವರು ನಕ್ಕು, ಕೈಕಾಲುಗಳಿಗೆ ಒಲೆಯ ಬೂದಿ ಸವರಿಕೊಂಡು ಮರದ ಕೆಳಗೆ ಹೋದರು.